ಬ್ಯಾಟರಿಗಿಂತ ಮೊದಲು ಮಾರುವವರನ್ನು ಪರೀಕ್ಷಿಸಬೇಕು

ಅಡಿಕೆ ಸಸಿ ಕೊಳ್ಳುವ ವಿದ್ಯೆಯನ್ನು ಮಲೆನಾಡಿನ ಕೃಷಿಕರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಸಸಿ ಎಷ್ಟೇ ಸೊಂಪಾಗಿ ಕಂಡರೂ ಅವರು ಮೊದಲು ಕೇಳುವುದು ತಾಯಿಮರ ಯಾವುದು, ಯಾರ ತೋಟದ್ದು, ಸಸಿ ಮಾಡಿದವರು ಯಾರು ಎಂದು. ಫಸಲು ಕಾಣಲು ಐದಾರು ವರ್ಷ ಬೇಕು. ಅಷ್ಟು ಹೊತ್ತಿಗೆ ಮೋಸ ತಿಳಿದರೆ ಮಾಡಬಹುದಾದದ್ದು ಏನೂ ಉಳಿದಿರುವುದಿಲ್ಲ ಎಂಬ ಅರಿವು ಆ ಪ್ರಶ್ನೆಗಳ ಹಿಂದಿದೆ. ಅದೇ ಕೃಷಿಕರು ಹತ್ತಾರು ಸಾವಿರ ರೂಪಾಯಿ ತೆತ್ತು ಸೋಲಾರ್ ಬ್ಯಾಟರಿ ಕೊಳ್ಳುವಾಗ ಮಾತ್ರ ಕರಪತ್ರದಲ್ಲಿ ದಪ್ಪಕ್ಷರದಲ್ಲಿರುವ ಅಂಕಿಗಳನ್ನು ನಂಬಿ ಸಹಿ ಹಾಕುತ್ತಾರೆ. ಬ್ಯಾಟರಿಯ ಗುಣವೂ ಸಸಿಯಂತೆಯೇ ಕೊಂಡ ದಿನ ತಿಳಿಯುವಂಥದ್ದಲ್ಲ. ಮೂರನೆಯದೋ ನಾಲ್ಕನೆಯದೋ ಮಳೆಗಾಲದಲ್ಲಿ ತಿಳಿಯುವಂಥದ್ದು.

ಘಟ್ಟದ ಒಂಟಿಮನೆಗಳಿಗೆ ಬ್ಯಾಟರಿ ಈಗ ಕೇವಲ ಅನುಕೂಲದ ವಸ್ತುವಾಗಿ ಉಳಿದಿಲ್ಲ. ಜೂನ್‌ ತಿಂಗಳ ಗಾಳಿಗೆ ಮರ ಬಿದ್ದು ತಂತಿ ಹರಿದರೆ ಕರೆಂಟು ಮರಳುವುದಕ್ಕೆ ದಿನಗಳೇ ಬೇಕು. ಆ ದಿನಗಳಲ್ಲಿ ಮನೆಯ ದೀಪ, ಮೊಬೈಲು, ಮಕ್ಕಳ ಓದು, ಗದ್ದೆಯಂಚಿನ ಸೋಲಾರ್ ಬೇಲಿ ಎಲ್ಲವೂ ಒಂದು ಪೆಟ್ಟಿಗೆಯನ್ನು ನೆಚ್ಚಿಕೊಂಡಿರುತ್ತವೆ. ಬೇಲಿಯ ಬ್ಯಾಟರಿ ಸೋತದ್ದು ಆನೆಗೆ ಗೊತ್ತಾಗಲು ಬಹಳ ಹೊತ್ತು ಬೇಕಾಗುವುದಿಲ್ಲ. ಬಾಳೆ, ಭತ್ತ ಒಂದೇ ಇರುಳಿನಲ್ಲಿ ನೆಲಸಮವಾಗುತ್ತವೆ. 2024ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ಸೂರ್ಯಘರ್ ಯೋಜನೆಯ ಬಳಿಕ ಚಾವಣಿ ಫಲಕಗಳ ಮಾತು ಹಳ್ಳಿಗಳಿಗೂ ಬಂದಿದೆ. ಆದರೆ ಬ್ಯಾಟರಿಯಿಲ್ಲದೆ ನೇರವಾಗಿ ವಿದ್ಯುತ್ ಜಾಲಕ್ಕೆ ಜೋಡಿಸಿದ ಫಲಕ, ಲೈನ್‌ಮನ್‌ಗಳ ಜೀವರಕ್ಷಣೆಯ ಸಲುವಾಗಿ, ತಂತಿಯಲ್ಲಿ ಕರೆಂಟು ನಿಂತ ಕೂಡಲೇ ತಾನೂ ನಿಲ್ಲುತ್ತದೆ ಎಂಬುದನ್ನು ಮಾರಾಟಗಾರರೆಲ್ಲರೂ ಮೊದಲೇ ಹೇಳುವುದಿಲ್ಲ. ಫಲಕ ಹಾಕಿಸಿದ ಮೇಲೆ ಇದು ತಿಳಿದು, ಆಮೇಲೆ ಅವಸರದಲ್ಲಿ ಬ್ಯಾಟರಿ ಹುಡುಕುವವರೇ ಸುಲಭವಾಗಿ ಮೋಸ ಹೋಗುವವರು.

ಹುಡುಕಲು ಹೊರಟವರ ಮುಂದೆ ಶಬ್ದಗಳ ಸಂತೆಯೇ ತೆರೆದುಕೊಳ್ಳುತ್ತದೆ. ಗ್ರಾಫೀನ್, ನ್ಯಾನೋ, ಜೆಲ್, ಸಾಲಿಡ್ ಸ್ಟೇಟ್, ಸೋಡಿಯಂ. ಇವುಗಳಲ್ಲಿ ಕೆಲವು ನಿಜವಾದ ವಿಜ್ಞಾನ, ಕೆಲವು ಬರೀ ಸ್ಟಿಕ್ಕರ್. ನಿಜವಾದ ವಿಜ್ಞಾನಕ್ಕೂ ಪ್ರಯೋಗಾಲಯದಿಂದ ಅಂಗಡಿಗೆ ಬರುವ ದಾರಿ ಬಹಳ ಉದ್ದ. ಸಾಲಿಡ್ ಸ್ಟೇಟ್ ಬ್ಯಾಟರಿಯ ಕಾರನ್ನು 2020ರ ದಶಕದ ಆರಂಭದಲ್ಲೇ ತರುವುದಾಗಿ ಟೊಯೊಟಾದಂತಹ ದೈತ್ಯ ಕಂಪನಿ 2017ರಲ್ಲಿ ಹೇಳಿತ್ತು. 2023ರಲ್ಲಿ ಆ ಗಡುವು 2027-28ಕ್ಕೆ ಹೋಯಿತು. ಮಲೆನಾಡಿಗೆ ಇಂತಹ ಅಬ್ಬರ ಹೊಸದಲ್ಲ. 2003ರ ಸುಮಾರಿಗೆ ಹಸಿ ವೆನಿಲಾಕ್ಕೆ ಕಿಲೋಗೆ ಸಾವಿರಾರು ರೂಪಾಯಿ ಬಂದಾಗ ಬಳ್ಳಿಯ ತುಂಡಿಗೂ ಬೆಲೆ ಕಟ್ಟಿ ಮಾರಿದವರಿದ್ದರು. ಎರಡು ಮೂರು ವರ್ಷಗಳಲ್ಲಿ ಬೆಲೆ ನೆಲ ಕಚ್ಚಿದಾಗ ಬಳ್ಳಿ ಮಾರಿದವರು ಲಾಭ ಎಣಿಸಿ ಆಗಿತ್ತು, ಬೆಳೆದವರು ಸಾಲದ ಕಂತು ಎಣಿಸುತ್ತಿದ್ದರು. ವೆನಿಲಾ ಸುಳ್ಳು ಬೆಳೆಯೇನೂ ಆಗಿರಲಿಲ್ಲ. ಸುಳ್ಳಾದದ್ದು ಅದರ ಸುತ್ತ ಕಟ್ಟಿದ ಮಾತು.

ಬ್ಯಾಟರಿಯ ಚರಿತ್ರೆಯಲ್ಲಿಯೂ ಇದೇ ಕಥೆ ಬಹಳ ಹಿಂದೆಯೇ ನಡೆದಿದೆ. ಸೀಸ ಮತ್ತು ಆ್ಯಸಿಡ್ಡಿನ ಬ್ಯಾಟರಿಯನ್ನು ಫ್ರಾನ್ಸಿನ ಗಾಸ್ಟನ್ ಪ್ಲಾಂಟೆ 1859ರಲ್ಲಿ ರೂಪಿಸಿದ. ಮುಂದೆ ಅದರ ಹೆಸರಿನಲ್ಲಿ ಷೇರು ಮಾರುವ ಕಂಪನಿಗಳು ಅಣಬೆಯಂತೆ ಎದ್ದಾಗ ಥಾಮಸ್ ಆಲ್ವಾ ಎಡಿಸನ್ 1883ರಲ್ಲಿ ಪತ್ರಿಕೆಯವರ ಮುಂದೆ ಕಟುವಾಗಿ ಮಾತಾಡಿದ. ಬ್ಯಾಟರಿಯೆಂಬುದು ಜನರಿಗೆ ಟೋಪಿ ಹಾಕುವ ಸಾಧನವಾಗಿದೆ, ಈ ವ್ಯವಹಾರಕ್ಕೆ ಕೈಹಾಕಿದವನ ಒಳಗಿನ ಸುಳ್ಳುಗಾರ ಹೊರಬರುತ್ತಾನೆ ಎಂಬುದು ಆತನ ಮಾತಿನ ಭಾವ. ಸ್ವಾರಸ್ಯವೆಂದರೆ ಇಪ್ಪತ್ತು ವರ್ಷಗಳ ಬಳಿಕ ಸ್ವತಃ ಎಡಿಸನ್ ತನ್ನ ನಿಕ್ಕಲ್-ಕಬ್ಬಿಣದ ಬ್ಯಾಟರಿಯನ್ನು ಅಷ್ಟೇ ಅಬ್ಬರದಿಂದ ಮಾರುಕಟ್ಟೆಗೆ ತಂದ. ಅವು ಸೋರತೊಡಗಿದವು, ಬೇಗ ಶಕ್ತಿ ಕಳೆದುಕೊಂಡವು. ಆಗ ಆತ ತಯಾರಿಕೆಯನ್ನು ನಿಲ್ಲಿಸಿ, ವರ್ಷಗಟ್ಟಲೆ ಕೆಲಸ ಮಾಡಿ, 1909ರ ಹೊತ್ತಿಗೆ ಸುಧಾರಿಸಿದ ಬ್ಯಾಟರಿಯನ್ನು ಹೊರತಂದ. ಈ ಎರಡನೆಯ ಬ್ಯಾಟರಿ ದಶಕಗಳ ಕಾಲ ಬಾಳಿಕೆಗೆ ಹೆಸರಾಯಿತು. ಜಾಹೀರಾತಿನಲ್ಲಿ ಎಡಿಸನ್‌ನನ್ನು ನಂಬಿದವರು ಕೆಟ್ಟರು. ಕೆಟ್ಟ ಸರಕಿನ ಮುಂದೆ ಆತ ಏನು ಮಾಡಿದನೆಂಬುದನ್ನು ನೋಡಿ ಕೊಂಡವರು ಉಳಿದರು.

ಇಷ್ಟಾದರೂ ಹೊಸದೆಲ್ಲವನ್ನೂ ತಳ್ಳಿಹಾಕುವ ಹಟ ಸಲ್ಲದು. ಪರಿಸರದ ವಲಯಗಳಲ್ಲಿ ಈ ಹಟ ಕೊಂಚ ಹೆಚ್ಚೇ ಇದೆ. ಲಿಥಿಯಂ ಬ್ಯಾಟರಿಯ ಜಾಗತಿಕ ಸರಾಸರಿ ಬೆಲೆ 2010ರಲ್ಲಿ ಒಂದು ಯೂನಿಟ್ ಸಂಗ್ರಹ ಸಾಮರ್ಥ್ಯಕ್ಕೆ ಸಾವಿರ ಡಾಲರಿಗೂ ಮೇಲಿತ್ತು. 2024ರಲ್ಲಿ ಅದು ಸುಮಾರು 115 ಡಾಲರಿಗೆ ಇಳಿಯಿತು. ಇದು ಕರಪತ್ರದ ಮಾತಲ್ಲ. ಲಿಥಿಯಂ ಬ್ಯಾಟರಿಗಳಲ್ಲಿ ಮನೆ ಬಳಕೆಗೆ ಸೂಕ್ತವಾದುದು ಲಿಥಿಯಂ ಐರನ್ ಫಾಸ್ಫೇಟ್ ಬಗೆ. ಜಾನ್ ಗುಡ್‌ಇನಫ್ ಅವರ ಪ್ರಯೋಗಾಲಯದಿಂದ 1997ರಲ್ಲಿ ಪ್ರಕಟವಾದ ಈ ರಸಾಯನ, ನಿಕ್ಕಲ್ ಮತ್ತು ಕೋಬಾಲ್ಟ್ ಬಳಸುವ ಬಗೆಗಳಷ್ಟು ಸುಲಭವಾಗಿ ಬೆಂಕಿಗೆ ತುತ್ತಾಗುವುದಿಲ್ಲ.

ಲೆಕ್ಕ ಹಾಕಿ ನೋಡಬಹುದು. 12 ವೋಲ್ಟಿನ 150 ಆಂಪಿಯರ್-ಅವರ್ ಟ್ಯೂಬ್ಯುಲರ್ ಬ್ಯಾಟರಿಯಲ್ಲಿ 1800 ವಾಟ್-ಅವರ್ ಇದೆ ಎನ್ನುತ್ತಾರೆ. ಬಾಳಿಕೆ ಬೇಕಿದ್ದರೆ ಅದರಲ್ಲಿ ಅರ್ಧವನ್ನಷ್ಟೇ, ಅಂದರೆ 900ನ್ನು ಬಳಸಬೇಕು. 12.8 ವೋಲ್ಟಿನ 100 ಆಂಪಿಯರ್-ಅವರ್ ಲಿಥಿಯಂ ಫಾಸ್ಫೇಟ್ ಬ್ಯಾಟರಿಯಲ್ಲಿ ಇರುವುದು 1280. ಅದರ ನೂರಕ್ಕೆ ಎಂಬತ್ತನ್ನು, ಅಂದರೆ 1024ನ್ನು ನಿರ್ಭಯವಾಗಿ ಬಳಸಬಹುದು. ಮೊದಲನೆಯದರ ತೂಕ ಐವತ್ತು ಕಿಲೋ ದಾಟುತ್ತದೆ; ಎರಡನೆಯದು ಅದರ ಮೂರರಲ್ಲಿ ಒಂದು ಪಾಲೂ ಇಲ್ಲ. ಕಾಲುಸಂಕ ದಾಟಿಸಿ ಹೆಗಲ ಮೇಲೆ ಹೊತ್ತೊಯ್ಯಬೇಕಾದ ಮನೆಯವರಿಗೆ ಇದು ಸಣ್ಣ ಸಂಗತಿಯಲ್ಲ. ಇನ್ನೊಂದು ಗುಣ ಮಲೆನಾಡಿಗೆಂದೇ ಹೇಳಿ ಮಾಡಿಸಿದಂತಿದೆ. ಸೀಸದ ಬ್ಯಾಟರಿ ವಾರಗಟ್ಟಲೆ ಅರೆ ಚಾರ್ಜಿನಲ್ಲಿ ಕುಳಿತರೆ ಅದರ ಪ್ಲೇಟುಗಳ ಮೇಲೆ ಸಲ್ಫೇಟ್ ಗಟ್ಟಿಯಾಗಿ ಕೂತು ಶಕ್ತಿ ಕುಂದುತ್ತದೆ. ಬಿಸಿಲಿಲ್ಲದ ಪುನರ್ವಸು, ಪುಷ್ಯ, ಆಶ್ಲೇಷ ಮಳೆಗಳಲ್ಲಿ ಆಗುವುದು ಇದೇ. ಲಿಥಿಯಂ ಫಾಸ್ಫೇಟಿಗೆ ಅರೆ ಚಾರ್ಜಿನ ಬಾಧೆಯಿಲ್ಲ.

ಆದರೆ ಈ ಗುಣಗಳಿಗೆ ತೆರುವ ಬೆಲೆ ಬೇರೊಂದಿದೆ. ಸೀಸದ ಬ್ಯಾಟರಿಯ ಮುಚ್ಚಳ ಬಿಚ್ಚಿ, ಹೈಡ್ರೋಮೀಟರ್ ಇಳಿಬಿಟ್ಟು, ಯಾವ ಕೋಶ ಸೋತಿದೆಯೆಂದು ಮನೆಯಾಕೆಯೂ ಹೇಳಬಲ್ಲಳು. ಪೇಟೆಯ ಯಾವ ಬ್ಯಾಟರಿ ಅಂಗಡಿಯವರೂ ಅದನ್ನು ಪರಿಶೀಲಿಸಬಲ್ಲರು. ಲಿಥಿಯಂ ಪೆಟ್ಟಿಗೆ ಬೀಗ ಹಾಕಿದ ಪೆಟ್ಟಿಗೆ. ಅದರೊಳಗೆ ಕೋಶಗಳನ್ನು ಕಾಯುವ ಬಿಎಂಎಸ್ ಎಂಬ ವಿದ್ಯುನ್ಮಾನ ಹಲಗೆಯಿದೆ. ಚಾರ್ಜು ತೀರಾ ಇಳಿದಾಗ ಅದು ಸಂಪರ್ಕವನ್ನೇ ಕಡಿದುಬಿಡುತ್ತದೆ; ಹೊರಗೆ ಅಳೆದರೆ ವೋಲ್ಟೇಜು ಇರುವುದಿಲ್ಲ, ಬ್ಯಾಟರಿ ಸತ್ತಿತೆಂದು ಮನೆಯವರು ತಿಳಿಯುತ್ತಾರೆ. ತಿಳಿದವರು ಬಂದರೆ ಅದನ್ನು ಎಬ್ಬಿಸುವುದು ಕೆಲವೇ ನಿಮಿಷಗಳ ಕೆಲಸ. ಬಾರದೆ ತಿಂಗಳುಗಟ್ಟಲೆ ಬಿಟ್ಟರೆ ನಿಜವಾಗಿಯೇ ಸಾಯುತ್ತದೆ. ಸೀಸದ ಬ್ಯಾಟರಿಗೆಂದು ಹೊಂದಿಸಿದ ಹಳೆಯ ಇನ್ವರ್ಟರಿಗೆ ಲಿಥಿಯಂ ಜೋಡಿಸಿ ತೊಂದರೆಗೆ ಸಿಕ್ಕಿಕೊಳ್ಳುವುದೂ ಉಂಟು. ತಂತ್ರಜ್ಞಾನ ಮುಂದುವರಿದಷ್ಟೂ ಕೊಳ್ಳುವವರ ಕೈಗೆ ಸಿಗುವ ಪರೀಕ್ಷೆಗಳು ಕಡಿಮೆಯಾಗುತ್ತವೆ, ಮಾರುವವರ ಮೇಲಿನ ಅವಲಂಬನೆ ಹೆಚ್ಚುತ್ತದೆ. ಸೀಸವೋ ಲಿಥಿಯಮ್ಮೋ ಎಂಬ ಚರ್ಚೆಯಲ್ಲಿ ಈ ಅಂಶ ಬಹುಮಟ್ಟಿಗೆ ಮರೆತೇ ಹೋಗಿದೆ.

ಆರು ಸಾವಿರ ಸೈಕಲ್ ಎಂಬ ಮಾತನ್ನು ಇದೇ ಬೆಳಕಿನಲ್ಲಿ ಓದಬೇಕು. ದಿನಕ್ಕೊಂದು ಸಲ ತುಂಬಿ ಬರಿದಾದರೆ ಆರು ಸಾವಿರವೆಂದರೆ ಹದಿನಾರು ವರ್ಷ. ಮಾರುವ ಕಂಪನಿಗೆ ವಯಸ್ಸು ಮೂರು ವರ್ಷವಾಗಿದ್ದರೆ ಹದಿನಾರು ವರ್ಷವನ್ನು ಕಂಡವರು ಯಾರು? ಆ ಅಂಕಿ ಬಂದಿರುವುದು ಸುಮಾರು 25 ಡಿಗ್ರಿ ಉಷ್ಣತೆಯ ಕೋಣೆಯಲ್ಲಿ ಒಂದೊಂದೇ ಕೋಶವನ್ನು ನಿಯಮಿತವಾಗಿ ಚಾರ್ಜು ಮಾಡಿ ನಡೆಸಿದ ಪರೀಕ್ಷೆಯಿಂದ. ಘಟ್ಟದ ತೇವಕ್ಕೆ ಕಿಲುಬು ಹಿಡಿಯುವ ಜೋಡಣೆ, ಸಿಡಿಲಿಗೆ ಸುಡುವ ಬಿಎಂಎಸ್ ಆ ಪರೀಕ್ಷೆಯಲ್ಲಿ ಇರುವುದಿಲ್ಲ. ಇದರ ಜೊತೆಗೆ ಹೊಸ ಪೆಟ್ಟಿಗೆಯೊಳಗೆ ಹಳೆಯ ವಾಹನಗಳಿಂದ ಬಿಚ್ಚಿದ ಕೋಶಗಳನ್ನೋ ಕಾರ್ಖಾನೆಯಲ್ಲಿ ಎರಡನೆಯ ದರ್ಜೆಯೆಂದು ಬೇರ್ಪಡಿಸಿದ ಕೋಶಗಳನ್ನೋ ತುಂಬುವ ದಂಧೆಯೂ ಇದೆ. ಕೋಶ ತಯಾರಿಸಿದ ಕಂಪನಿ ಯಾವುದು, ತಯಾರಾದ ತಿಂಗಳು ಯಾವುದು, ಬಿಎಂಎಸ್ ಕೆಟ್ಟರೆ ಅದನ್ನಷ್ಟೇ ಬದಲಿಸಿಕೊಡುತ್ತಾರೆಯೇ ಎಂದು ಕೇಳಿದಾಗ ಮಾರುವವರ ಮುಖ ಹೇಗಾಗುತ್ತದೆಂಬುದು ಕರಪತ್ರಕ್ಕಿಂತ ಹೆಚ್ಚು ತಿಳಿಸುತ್ತದೆ.

ಅಮೆರಿಕದ ಪಿಟ್ಸ್‌ಬರ್ಗಿನಲ್ಲಿ ಅಕ್ವಿಯಾನ್ ಎಂಬ ಕಂಪನಿಯಿತ್ತು. ಉಪ್ಪುನೀರನ್ನು ಆಧರಿಸಿದ ಅದರ ಬ್ಯಾಟರಿಯಲ್ಲಿ ಸೀಸವಿರಲಿಲ್ಲ, ಆ್ಯಸಿಡ್ಡಿರಲಿಲ್ಲ, ಬೆಂಕಿಯ ಭಯವಿರಲಿಲ್ಲ. ಬಿಲ್ ಗೇಟ್ಸ್ ಹಣ ಹೂಡಿದ್ದರು. ಅದರ ವಿಜ್ಞಾನಿ ಜೇ ವಿಟೇಕರ್ ಅವರಿಗೆ 2015ರಲ್ಲಿ ದೊಡ್ಡ ಪ್ರಶಸ್ತಿಯೂ ಬಂತು. ಊರಿನಿಂದ ದೂರವಿದ್ದು ಸ್ವಂತ ಸೌರ ವಿದ್ಯುತ್ತಿನಲ್ಲಿ ಬದುಕುವ ಪರಿಸರಪ್ರೇಮಿಗಳು ಅದನ್ನು ಮೆಚ್ಚಿ ಕೊಂಡರು. 2017ರ ಮಾರ್ಚ್‌ನಲ್ಲಿ ಕಂಪನಿ ದಿವಾಳಿ ಅರ್ಜಿ ಸಲ್ಲಿಸಿತು. ವಿಜ್ಞಾನದಲ್ಲಿ ಮೋಸವಿರಲಿಲ್ಲ, ಉದ್ದೇಶವೂ ಒಳ್ಳೆಯದೇ. ಆದರೆ ಕೊಂಡವರ ಕೈಯಲ್ಲಿದ್ದ ವಾರಂಟಿ ಪತ್ರದ ಹಿಂದೆ ನಿಲ್ಲಬೇಕಾದವರೇ ಕುಸಿದಿದ್ದರು. ಪರಿಸರಸ್ನೇಹಿ ಎಂಬ ಮುದ್ರೆ ಕಂಡೊಡನೆ ಉಳಿದ ಪ್ರಶ್ನೆಗಳನ್ನು ಕೈಬಿಡುವ ಅಭ್ಯಾಸ ಚಳವಳಿಯ ಮಿತ್ರರಿಗೂ ಇರುವುದರಿಂದ ಈ ಉದಾಹರಣೆಯನ್ನು ಕೊಂಚ ವಿವರವಾಗಿ ಹೇಳಬೇಕಾಯಿತು. ಮೂರೇ ವರ್ಷಕ್ಕೆ ಗುಜರಿ ಸೇರುವ ಬ್ಯಾಟರಿ, ಒಳಗೆ ಏನೇ ಇರಲಿ, ಪರಿಸರಕ್ಕೆ ಹೊರೆಯೇ.

ವಾರಂಟಿಯ ಭಾಷೆಯೂ ಓದಿ ತಿಳಿಯಬೇಕಾದ ವಿಷಯ. 36+24 ತಿಂಗಳು ಎಂದು ಬರೆದಿದ್ದರೆ ಐದು ವರ್ಷದ ಭರವಸೆ ಎಂದು ಜನ ತಿಳಿಯುತ್ತಾರೆ. ಸಾಮಾನ್ಯವಾಗಿ ಅದರರ್ಥ, ಮೊದಲ ಮೂರು ವರ್ಷ ಕೆಟ್ಟರೆ ಬದಲಿ ಬ್ಯಾಟರಿ. ಮುಂದಿನ ಎರಡು ವರ್ಷ ಕೆಟ್ಟರೆ ಹೊಸದರ ಬೆಲೆಯಲ್ಲಿ ಒಂದಿಷ್ಟು ಕಡಿತ. ಆ ಕಡಿತವನ್ನು ಲೆಕ್ಕ ಹಾಕುವುದು ಮುದ್ರಿತ ಗರಿಷ್ಠ ಬೆಲೆಯ ಮೇಲೆ. ಅಂಗಡಿಯವರು ಹೇಗಿದ್ದರೂ ಅದಕ್ಕಿಂತ ಕಡಿಮೆಗೇ ಮಾರುವುದರಿಂದ ಕೈಗೆ ಸಿಗುವ ಲಾಭ ಹೆಸರಿಗಷ್ಟೇ. ಕೆಟ್ಟ ಬ್ಯಾಟರಿಯನ್ನು ಪೇಟೆಗೆ ಸಾಗಿಸುವ ಖರ್ಚು ಯಾರದು, ಪರೀಕ್ಷೆಗೆ ಒಯ್ದ ವಾರಗಳಲ್ಲಿ ಮನೆಗೆ ಬೆಳಕು ಹೇಗೆ ಎಂಬುದು ಯಾವ ಕಾರ್ಡಿನಲ್ಲೂ ಇರುವುದಿಲ್ಲ. ಆನ್‌ಲೈನಿನಲ್ಲಿ ಸಾವಿರ ಎರಡು ಸಾವಿರ ಉಳಿಯಿತೆಂದು ಹಿಗ್ಗಿದವರಿಗೆ ಈ ಪ್ರಶ್ನೆ ಎದುರಾಗುವುದು ಜುಲೈ ತಿಂಗಳಲ್ಲಿ, ಘಟ್ಟದ ರಸ್ತೆ ಕುಸಿದಾಗ.

ಆದ್ದರಿಂದ ಮಾರುವವರಿಗೆ ಕೇಳಬೇಕಾದ ಮೊದಲ ಪ್ರಶ್ನೆ ಮಳೆಗಾಲದ್ದೇ ಆಗಬೇಕು. ದಿನಕ್ಕೆ ಐದು ಗಂಟೆ ಬಿಸಿಲು ಎಂಬ ವಾರ್ಷಿಕ ಸರಾಸರಿಯ ಮೇಲೆ ಲೆಕ್ಕ ಹಾಕಿ ಫಲಕ, ಬ್ಯಾಟರಿ ಹೇಳುವವರು ಬಯಲುಸೀಮೆಯ ಲೆಕ್ಕವನ್ನು ಘಟ್ಟಕ್ಕೆ ತಂದವರು. ವರ್ಷಕ್ಕೆ ಏಳು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಆಗುಂಬೆಯಂತಹ ಕಡೆ ಆ ಸರಾಸರಿಗೆ ಅರ್ಥವಿಲ್ಲ. ನಾಲ್ಕು 9 ವಾಟ್ ಎಲ್‌ಇಡಿ ದೀಪಗಳನ್ನು ಐದು ಗಂಟೆ ಉರಿಸಿ, ಎರಡು ಮೊಬೈಲು ಚಾರ್ಜು ಮಾಡಿದರೆ ದಿನಕ್ಕೆ ಸುಮಾರು 200 ವಾಟ್-ಅವರ್. 900 ವಾಟ್-ಅವರ್ ಬಳಸಬಹುದಾದ ಬ್ಯಾಟರಿ ಬಿಸಿಲಿಲ್ಲದೆ ನಾಲ್ಕು ದಿನ ತಳ್ಳುತ್ತದೆ. ಅದಕ್ಕೇ ಫ್ರಿಜ್ ಜೋಡಿಸಿದರೆ ಒಂದು ದಿನ. ಈ ಲೆಕ್ಕವನ್ನು ತಾವಾಗಿಯೇ ಮಾಡಿ, ಫ್ರಿಜ್ ಬೇಡವೆಂದು ಹೇಳಿ, ತಮ್ಮದೇ ವ್ಯಾಪಾರವನ್ನು ಚಿಕ್ಕದು ಮಾಡಿಕೊಳ್ಳುವ ಮಾರಾಟಗಾರರು ಸಿಕ್ಕರೆ ಅವರ ವಿಳಾಸವನ್ನು ಬರೆದಿಟ್ಟುಕೊಳ್ಳಬೇಕು.

ಅವರು ಐದು ವರ್ಷದ ಹಿಂದೆ ಮಾರಿದ ಮೂರು ಮನೆಗಳನ್ನು ತೋರಿಸಲಿ; ಇದೇ ತಾಯಿಮರದ ಪರೀಕ್ಷೆ. ಆ ಮನೆಗಳಲ್ಲಿ ಬ್ಯಾಟರಿ ಹೇಗಿದೆಯೆಂದು ಕೇಳಿದರೆ ಸಾಲದು, ಕೆಟ್ಟಾಗ ಯಾರು ಬಂದರು, ಎಷ್ಟು ದಿನಕ್ಕೆ ಬಂದರು ಎಂದು ಕೇಳಬೇಕು. ಒಮ್ಮೆಯೂ ಕೆಡದ ಬ್ಯಾಟರಿಗಿಂತ ಕೆಟ್ಟಾಗ ದುರಸ್ತಿಯಾದ ಬ್ಯಾಟರಿಯ ಕಥೆಯೇ ಇಲ್ಲಿ ಹೆಚ್ಚು ಉಪಯುಕ್ತ.

ಕೆಲವು ಪರೀಕ್ಷೆಗಳನ್ನು ಊರಿನಲ್ಲೇ ಮಾಡಬಹುದು. ಸೀಸದ ಬ್ಯಾಟರಿಯಲ್ಲಿ ಸೀಸ ಕಡಿಮೆ ಹಾಕುವುದೇ ಹಳೆಯ ಮೋಸ. ಕಂಪನಿಯ ಕೈಪಿಡಿಯಲ್ಲಿ ತೂಕ ನಮೂದಾಗಿರುತ್ತದೆ; ಬ್ಯಾಟರಿಯನ್ನು ಅಡಿಕೆ ಮಂಡಿಯ ತಕ್ಕಡಿಗೆ ಹಾಕಿ ನೋಡಿದರೆ ಉತ್ತರ ಸಿಗುತ್ತದೆ. 150 ಆಂಪಿಯರ್-ಅವರ್ ಎಂಬ ಅಂಕಿಯ ಮುಂದೆ ಸಿ10 ಎಂದಿದೆಯೋ ಸಿ20 ಎಂದಿದೆಯೋ ನೋಡಬೇಕು. ಹತ್ತು ಗಂಟೆಯಲ್ಲಿ ಬರಿದಾಗಿಸಿ ಅಳೆದದ್ದು ಸಿ10, ಇಪ್ಪತ್ತು ಗಂಟೆಯಲ್ಲಿ ನಿಧಾನವಾಗಿ ಅಳೆದದ್ದು ಸಿ20. ಎರಡನೆಯ ಬಗೆಯಲ್ಲಿ ಅಳೆದರೆ ಅದೇ ಬ್ಯಾಟರಿಯ ಅಂಕಿ ದೊಡ್ಡದಾಗಿ ಕಾಣುತ್ತದೆ. ಸೌರ ಬಳಕೆಯ ಬ್ಯಾಟರಿಗಳಿಗೆಂದೇ ಐಎಸ್ 16270 ಎಂಬ ಭಾರತೀಯ ಮಾನಕವಿದೆ. ಆ ಪರೀಕ್ಷಾ ವರದಿಯ ಪ್ರತಿಯನ್ನು ಕೇಳುವುದು ತಪ್ಪಲ್ಲ.

ಬೇಲಿ ಸಮಿತಿಯೋ ಹಾಲಿನ ಸೊಸೈಟಿಯೋ ಹತ್ತು ಬ್ಯಾಟರಿ ಕೊಳ್ಳುವುದಾದರೆ ಮೊದಲು ಒಂದನ್ನೇ ತಂದು ಹತ್ತಿರದ ಕಾಲೇಜಿನ ಭೌತಶಾಸ್ತ್ರ ವಿಭಾಗಕ್ಕೆ ಒಪ್ಪಿಸಬಹುದು. 12 ವೋಲ್ಟ್ 60 ವಾಟಿನ ಮೂರು ಹೆಡ್‌ಲೈಟ್ ಬಲ್ಬುಗಳನ್ನು ಒಟ್ಟಿಗೆ ಉರಿಸಿದರೆ ಸುಮಾರು 15 ಆಂಪಿಯರ್ ಹರಿಯುತ್ತದೆ. ಪೂರ್ತಿ ಚಾರ್ಜಾದ, ಸಿ10ರಲ್ಲಿ 150 ಎಂದು ಮುದ್ರಿಸಿದ ಬ್ಯಾಟರಿ 10.8 ವೋಲ್ಟಿಗೆ ಇಳಿಯುವ ಮುನ್ನ ಹೆಚ್ಚುಕಡಿಮೆ ಹತ್ತು ಗಂಟೆ ಉರಿಸಬೇಕು. ಹೊಚ್ಚಹೊಸದು ಮೊದಲ ಸಲ ಕೊಂಚ ಕಡಿಮೆ ತೋರಿಸೀತು. ಆದರೆ ಆರು ಗಂಟೆಗೇ ನಿಂತರೆ ಅನುಮಾನಕ್ಕೆ ಎಡೆಯಿಲ್ಲ. ಪರೀಕ್ಷೆ ಮುಗಿದ ಕೂಡಲೇ ಮತ್ತೆ ಪೂರ್ತಿ ಚಾರ್ಜು ಮಾಡಬೇಕು. ಕೋಣೆಯ ಕಿಟಕಿಗಳು ತೆರೆದಿರಲಿ, ಅಧ್ಯಾಪಕರು ಎದುರಿಗಿರಲಿ. ಸಿದ್ಧ ಪ್ರಯೋಗಗಳನ್ನೇ ವರ್ಷವರ್ಷವೂ ಬರೆದು ಸಹಿ ಹಾಕಿಸುವ ವಿದ್ಯಾರ್ಥಿಗಳಿಗೆ ಊರಿಗೆ ಬೇಕಾದ ಉತ್ತರವೊಂದನ್ನು ಹುಡುಕುವ ಅವಕಾಶವೂ ಇದರಿಂದ ದೊರೆಯುತ್ತದೆ.

ಹಳೆಯ ಬ್ಯಾಟರಿಯ ಗತಿ ಏನೆಂಬ ಪ್ರಶ್ನೆಗೆ ಸಿಗುವ ಉತ್ತರದಲ್ಲೂ ಮಾರುವವರ ಗುಣ ತಿಳಿಯುತ್ತದೆ. ಸೀಸದ ಬ್ಯಾಟರಿಗೆ ಗುಜರಿಯಲ್ಲಿ ಒಳ್ಳೆಯ ಬೆಲೆಯಿದೆ; ಆ ಬೆಲೆಯಿಂದಾಗಿಯೇ ಅದು ಅನಧಿಕೃತವಾಗಿ ಸೀಸ ಕರಗಿಸುವವರ ಕೈ ಸೇರುತ್ತದೆ. ಆ ಹೊಗೆ, ಚೆಲ್ಲಿದ ಆ್ಯಸಿಡ್ಡು ಮಣ್ಣಿಗೂ ನೀರಿಗೂ ಸೀಸ ಬೆರೆಸುತ್ತವೆ, ಮಕ್ಕಳ ಮಿದುಳಿನ ಬೆಳವಣಿಗೆಯನ್ನು ಕುಂಠಿಸುತ್ತವೆ. ಲಿಥಿಯಂ ಬ್ಯಾಟರಿಗೆ ಹಳ್ಳಿಯ ಗುಜರಿಯಲ್ಲಿ ಬೆಲೆ ಕಟ್ಟುವವರು ವಿರಳವಾದ್ದರಿಂದ ಅದು ಹಿತ್ತಲಿನಲ್ಲೋ ಹಳ್ಳದ ಬದಿಯಲ್ಲೋ ಬಿದ್ದಿರುತ್ತದೆ. 2001ರ ನಿಯಮಗಳು ಸೀಸದ ಬ್ಯಾಟರಿಗೆ ಮಾತ್ರ ಅನ್ವಯಿಸುತ್ತಿದ್ದವು. 2022ರಲ್ಲಿ ಜಾರಿಗೆ ಬಂದ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು ಎಲ್ಲ ಬಗೆಯ ಬ್ಯಾಟರಿಗಳನ್ನೂ ಒಳಗೊಂಡಿದ್ದು, ಮರಳಿ ಸಂಗ್ರಹಿಸಿ ಮರುಬಳಕೆಗೆ ಕಳಿಸುವ ಹೊಣೆಯನ್ನು ಉತ್ಪಾದಕರ ಮೇಲೆ ಹಾಕಿವೆ. ಹಳೆಯದನ್ನು ಮರಳಿ ಒಯ್ಯುವುದಾಗಿ ಬಿಲ್ಲಿನ ಮೇಲೆ ಬರೆದುಕೊಡಿ ಎಂದರೆ ಹಿಂದೆಮುಂದೆ ನೋಡುವವರಿಗೆ ಈ ನಿಯಮದ ಹೆಸರನ್ನು ಹೇಳಬೇಕು.

ದುರಸ್ತಿಯೇ ಮಾರಾಟದ ಅಡಿಪಾಯವೆಂಬ ತತ್ತ್ವ ಕರ್ನಾಟಕಕ್ಕೆ ಅಪರಿಚಿತವಲ್ಲ. 1995ರಲ್ಲಿ ಹರೀಶ್ ಹಂದೆ ಮತ್ತು ನೆವಿಲ್ ವಿಲಿಯಮ್ಸ್ ಆರಂಭಿಸಿದ ಸೆಲ್ಕೋ, ಕರಾವಳಿ ಮತ್ತು ಮಲೆನಾಡಿನ ಮನೆಗಳಿಗೆ ಸೌರ ದೀಪ ಒಯ್ದಾಗ ಹಳೆಯ ಸೀಸದ ಬ್ಯಾಟರಿಯನ್ನೇ ಬಳಸಿತು. ಹೊಸದಾಗಿದ್ದದ್ದು ಬ್ಯಾಂಕ್ ಸಾಲದ ಏರ್ಪಾಟು, ಮತ್ತು ಮನೆಗೆ ತಲುಪಬಲ್ಲಷ್ಟು ಹತ್ತಿರದಲ್ಲಿ ತಂತ್ರಜ್ಞರಿರುವ ಶಾಖೆ. ಹಂದೆಯವರಿಗೆ 2011ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂದಾಗ ಜಗತ್ತು ಗಮನಿಸಿದ್ದು ಇದನ್ನೇ. ಇದು ಯಾವ ಸಂಸ್ಥೆಯ ಪರವಾದ ಶಿಫಾರಸೂ ಅಲ್ಲ. ಊರಿನ ಪಕ್ಕದ ಪೇಟೆಯಲ್ಲಿ ಇಪ್ಪತ್ತು ವರ್ಷದಿಂದ ಟ್ರ್ಯಾಕ್ಟರ್ ಬ್ಯಾಟರಿ ದುರಸ್ತಿ ಮಾಡುತ್ತಿರುವ ಸಣ್ಣ ಅಂಗಡಿಯವರೂ ಈ ಪರೀಕ್ಷೆಯಲ್ಲಿ ದೊಡ್ಡ ಕಂಪನಿಯನ್ನು ಸೋಲಿಸಬಲ್ಲರು.

ಒಬ್ಬೊಬ್ಬರೇ ಕೇಳಿದರೆ ಈ ಪ್ರಶ್ನೆಗಳಿಗೆಲ್ಲ ಬೆಲೆಯಿರುವುದಿಲ್ಲ ಎಂಬುದು ನಿಜ. ಒಂದು ಊರಿನ ಹತ್ತು ಮನೆ ಒಟ್ಟಾಗಿ ಕೊಂಡರೆ ಮಾತಿನ ಧಾಟಿಯೇ ಬದಲಾಗುತ್ತದೆ. ಹತ್ತು ಮನೆಗೂ ಒಂದೇ ಬಗೆಯ ಬ್ಯಾಟರಿಯಿದ್ದರೆ ತಂತ್ರಜ್ಞರು ಒಮ್ಮೆ ಬಂದು ಎಲ್ಲವನ್ನೂ ನೋಡಿ ಹೋಗಬಹುದು. ಊರಿನ ಒಬ್ಬ ಹುಡುಗ ಅಥವಾ ಹುಡುಗಿಗೆ ಸಣ್ಣಪುಟ್ಟ ದೋಷ ಸರಿಪಡಿಸುವ ತರಬೇತಿಯನ್ನೂ ಷರತ್ತಿನಲ್ಲೇ ಸೇರಿಸಬಹುದು. ಕೊಳ್ಳಲು ತಕ್ಕ ಕಾಲ ದೀಪಾವಳಿಯ ಅನಂತರ. ರಸ್ತೆ ತೆರೆದಿರುತ್ತದೆ, ಬಿಸಿಲಿರುತ್ತದೆ, ಪರೀಕ್ಷೆಗೆ ಸಮಯವಿರುತ್ತದೆ. ಕಟ್ಟಡದ ಗುತ್ತಿಗೆಯಲ್ಲಿ ಒಂದು ಪಾಲು ಹಣವನ್ನು ತಡೆಹಿಡಿಯುವ ಪದ್ಧತಿಯಿದೆಯಲ್ಲ, ಅದನ್ನೇ ಇಲ್ಲಿಯೂ ತರಬಹುದು: ನೂರಕ್ಕೆ ತೊಂಬತ್ತನ್ನು ಈಗಲೇ ಕೊಟ್ಟು, ಉಳಿದ ಹತ್ತನ್ನು ಮುಂದಿನ ವರ್ಷದ ಆಶ್ಲೇಷ ಮಳೆ ಕಳೆದ ಮೇಲೆ ಕೊಡುವುದಾಗಿ ಕರಾರು ಬರೆಯುವುದು. ಈ ಮಾತು ಎತ್ತಿದೊಡನೆ ಕೆಲವು ಮಾರಾಟಗಾರರು ಕರಪತ್ರಗಳನ್ನು ಚೀಲಕ್ಕೆ ತುಂಬಿಕೊಂಡು ಮುಂದಿನ ಊರಿನ ಬಸ್ಸು ಹಿಡಿಯುತ್ತಾರೆ. ಕುಳಿತೇ ಇದ್ದು, ಹತ್ತರ ಬದಲು ಐದಾದರೆ ಆದೀತೇ ಎಂದು ಚೌಕಾಸಿ ಮಾಡುವವರೊಡನೆ ಮುಂದಿನ ಮಾತುಕತೆ ನಡೆಸಬಹುದು.